ನಾಲ್ಕರ ಆಚೆ

ಹಾರ್ಸೆನ್ಸಿನ ಈ ಪಂಪು ಕಂಪನಿಯ ಕಚೇರಿಯಲ್ಲಿ
ನಾಲ್ಕು ಹೊಡೆಯುವುದಿಲ್ಲ, ಸುಮ್ಮನೆ ಆಗುತ್ತದೆ.
ಕುರ್ಚಿಗಳು ಹಿಂದೆ ಸರಿಯುತ್ತವೆ.
ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು
ಬೋದಿಲ್ ಕೋಟು ತೊಡುತ್ತಾಳೆ;
ಶಿಶುವಿಹಾರದ ಬಾಗಿಲು ವಾಕ್ಯ ಮುಗಿಯಲೆಂದು ಕಾಯುವುದಿಲ್ಲ.
ನಿರ್ದೇಶಕನೂ ಅಷ್ಟೆ, ತನ್ನ ಲೋಟ ತಾನೇ ತೊಳೆದಿಟ್ಟು
ಸೈಕಲ್ಲಿನ ಪೆಟ್ಟಿಗೆಯಲ್ಲಿ ಪುಟ್ಟ ಹೆಲ್ಮೆಟ್ ಹಾಕಿಕೊಂಡು
ಕತ್ತಲಲ್ಲಿ ಹೊರಟೇಬಿಡುತ್ತಾನೆ.
ಇಲ್ಲಿ ಎಲ್ಲರಿಗೂ ಒಂದೇ ‘ನೀನು’.
ಅವನಿಗೂ. ನನಗೂ.

ನಾನು ಬರುವುದು ಅವರೆಲ್ಲ ಹೋದ ಮೇಲೆ.
ಬಕೆಟ್ಟು, ಒರಸುಬಟ್ಟೆ, ಹಳದಿ ಕೈಗವಸು.
ನಿಂತು ದುಡಿಯಲೆಂದು ಏರಿಸಿದ್ದ ಮೇಜುಗಳನ್ನು
ಒಂದೊಂದಾಗಿ ಇಳಿಸುತ್ತೇನೆ, ಗುಂಡಿ ಒತ್ತಿದರೆ ಸಾಕು,
ಲಿಥುವೇನಿಯಾದ ನಮ್ಮ ಕೊಟ್ಟಿಗೆಯ ಹಸುಗಳ ಹಾಗೆ
ಉಸಿರು ಬಿಟ್ಟು ಕೂರುತ್ತವೆ.
ಯಾವ ಮೇಜು ಯಾರದೆಂದು ಕಸದಿಂದಲೇ ಬಲ್ಲೆ:
ರೈ ರೊಟ್ಟಿಯ ಕರಿ ಚೂರು ಬೋದಿಲಳದು,
ಪೆನ್ಸಿಲ್ ಕೆತ್ತಿದ ಸುರುಳಿ ಪ್ರೆಬೆನ್‌ನದು.

ಪ್ರೆಬೆನ್‌ಗೆ ಅರವತ್ಮೂರು.
ಅವನೂ ನಾಲ್ಕಕ್ಕೇ ಏಳುತ್ತಾನೆ. ಕೂತರೆ ಕೇಳುತ್ತಾರೆ,
ಮೆತ್ತಗೆ, ಹೆಗಲ ಮೇಲೆ ಕೈಯಿಟ್ಟು:
‘ಕೆಲಸ ಹೆಚ್ಚಾಯಿತಾ? ಹಂಚಿಕೊಳ್ಳೋಣವಾ?’
ಹೆಚ್ಚಾದದ್ದು ಕೆಲಸವಲ್ಲ ಎಂದು ಹೇಗೆ ಹೇಳುವುದು.
ಹೆಂಡತಿ ತೀರಿಕೊಂಡ ಮಾರ್ಚಿನಿಂದ
ದಿನಾ ಒಂದು ಇಡೀ ಸಂಜೆಯನ್ನು
ಅವನ ಅಂಗೈಗೆ ಹಾಕಿ ಕಳಿಸುತ್ತಿದ್ದಾರೆ,
ದೊಡ್ಡ ನೋಟಿನ ಹಾಗೆ;
ಅದಕ್ಕೆ ಚಿಲ್ಲರೆ ಕೊಡುವ ಅಂಗಡಿ ಊರಲ್ಲಿಲ್ಲ.

ನನಗಿದು ಗೊತ್ತಾದದ್ದು ಮಫ್ಲರಿನಿಂದ.
ಮೊದಲ ಸಲ, ಆರೂಕಾಲಿಗೆ,
‘ಮರೆತುಹೋಗಿದ್ದೆ’ ಎಂದು ತೆಗೆದುಕೊಂಡು ಹೋದ.
ಮರುವಾರ ಮತ್ತೆ ಮರೆತ.
ಮೂರನೆಯ ಸಲ ಬಂದಾಗ ಅದು ಕೊರಳಲ್ಲೇ ಇತ್ತು.
ಇಬ್ಬರೂ ನೋಡಿದೆವು. ಯಾರೂ ನಗಲಿಲ್ಲ.
ಅವನು ಊಟದ ಕೋಣೆಯ ಕುರ್ಚಿಗಳನ್ನೆತ್ತಿ
ಮೇಜಿನ ಮೇಲೆ ಬೋರಲು ಹಾಕತೊಡಗಿದ.
ಬೇಡವೆನ್ನಲಿಲ್ಲ ನಾನು. ಸೊಂಟ ನೋಯುತ್ತಿತ್ತು.

‘ನಿನಗೆ ಮಕ್ಕಳು?’
‘ಒಬ್ಬ. ಮಾತಸ್. ಏಳು ವರ್ಷ.’
‘ಈಗ ಯಾರ ಹತ್ತಿರ?’
‘ಮೇಲಿನ ಮಹಡಿಯ ಸಗಲ್ ಹತ್ತಿರ.
ನಾನು ಒಂಬತ್ತಕ್ಕೆ ಹೋಗಿ ಎತ್ತಿಕೊಳ್ಳುತ್ತೇನೆ,
ನಿದ್ದೆಯಲ್ಲೇ ಇರುತ್ತಾನೆ.
ಅವಳು ಬೆಳಗಿನ ಮೂರಕ್ಕೆ ಬೇಕರಿಗೆ ಹೊರಡಬೇಕು,
ನಿಮ್ಮ ಶುಕ್ರವಾರದ ಬನ್ನುಗಳು, ಗಸಗಸೆ ಮೆತ್ತಿದವು,
ಅಲ್ಲಿಂದಲೇ ಬರುವುದು.’
ಪ್ರೆಬೆನ್ ಕುರ್ಚಿಯನ್ನು ಗಾಳಿಯಲ್ಲೇ ಹಿಡಿದು ನಿಂತ.
ನೀರನ್ನು ಎಲ್ಲಿಂದ ಎತ್ತಿದರೆ ಎಲ್ಲಿ ಬೀಳುತ್ತದೆಂದು
ಮೂವತ್ತೈದು ವರ್ಷ ಗೆರೆ ಎಳೆದವನು.
ಏನೂ ಹೇಳಲಿಲ್ಲ. ಕುರ್ಚಿ ಇಟ್ಟ.
ಮುಂದಿನದನ್ನು ಎತ್ತಿದ.

ಈ ಶುಕ್ರವಾರ ಅವನು ಬರಲಿಲ್ಲ.
ಮೇಜಿನ ಮೇಲೊಂದು ಕಾಗದದ ಚೀಲ, ಎರಡು ಬನ್ನು,
ಮೇಲೆ ಪೆನ್ಸಿಲಿನ ದಪ್ಪಕ್ಷರ:
‘ಇದು ಕಸವಲ್ಲ.’
ಪಕ್ಕದಲ್ಲಿ ಎರಡು ಸುರುಳಿ. ಮೊದಲು ಅವನ್ನು ಒರೆಸಿದೆ.

ರಾತ್ರಿ, ಮೆಟ್ಟಿಲ ದೀಪ ತಾನಾಗಿ ಆರುವ ಮುಂಚೆ,
ಸಗಲ್ ಮಗನನ್ನು ನನ್ನ ಹೆಗಲಿಗೆ ದಾಟಿಸಿ
ಒಂದು ಬನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.
‘ಈ ಚಾಕುವಿನ ಗೀರು ನೋಡು,’ ಅಂದಳು,
‘ನನ್ನದು. ಸ್ವಲ್ಪ ಎಡಕ್ಕೆ ವಾಲಿರುತ್ತೆ.’