ಹತ್ತು ತೆತ್ರಿ

ಪುರುಸೊತ್ತಿಲ್ಲ ಅಂದೆ, ಅಂದೆ, ಅಂದೆ.
ಮೂವತ್ತು ವರ್ಷ ನಿನಗೆ ಹೇಳಿದ್ದು ಅದೊಂದೇ.
ಅದನ್ನೇ ನೀನು ಪ್ರಾರ್ಥನೆಯೆಂದು ಎಣಿಸಿಕೊಂಡಿದ್ದರೆ
ನನ್ನಂಥ ಭಕ್ತೆ ಇಡೀ ಗ್ಲ್ದಾನಿಯಲ್ಲಿ
ಇನ್ನೊಬ್ಬಳು ಇರಲಿಕ್ಕಿಲ್ಲ.

ನನ್ನ ಕೆಲಸ ನಿನಗೆ ಗೊತ್ತು:
ಟಿಬಿಲಿಸಿಯ ಮೆಟ್ರೋದ ಪಾತಾಳದಲ್ಲಿ, ಉರುಳುವ ಮೆಟ್ಟಿಲ ಬುಡದಲ್ಲಿ
ಒಂದು ಗಾಜಿನ ಗೂಡು, ಕುರ್ಚಿ, ಕೆಂಪು ಗುಂಡಿ.
ಯಾರಾದರೂ ಬಿದ್ದರೆ ಒತ್ತಬೇಕು.
ಇಳಿಯುವ ಬೂಟು, ಏರುವ ಹಿಮ್ಮಡಿ,
ದಿನಕ್ಕೆ ಎಂಟು ಗಂಟೆ ಬರೀ ಕಾಲು ನೋಡುವುದು.
ಕೂತು ತಿನ್ನುವ ಸಂಬಳ, ಅನ್ನುತ್ತಾಳೆ ಅತ್ತೆ.
ಅಲ್ಲೇ ನನ್ನ ನೆನೆಯಬಹುದಿತ್ತಲ್ಲ, ಅನ್ನಬಹುದು ನೀನೂ.
ಆದರೆ ಕಣ್ಣು ಮುಚ್ಚಿದರೆ ಕೆಲಸ ಹೋಗುತ್ತದೆ, ತಂದೆ,
ಕಣ್ಣು ತೆರೆದರೆ ನೀನು ಹೋಗುತ್ತೀ.

ಮನೆಯೋ, ಎರಡು ಕೋಣೆ, ಏಳು ಜನ.
ಪೂರ್ವದ ಮೂಲೆಯಲ್ಲಿ ನಿನ್ನ ತಾಯಿಯ ಪಟ,
ಅದರಡಿಯಲ್ಲೇ ಟಿವಿ, ಟಿವಿಯ ಮುಂದೆ ಜುಂಬೇರ್,
ಜುಂಬೇರನ ಮುಂದೆ ಕುಸ್ತಿ.
ನಾನು ಮೊಣಕಾಲೂರಿದರೆ
"ಏನು ಕಳೆಯಿತಮ್ಮಾ?" ಅಂತ
ಬಾಚೋ ತಾನೂ ಬಗ್ಗಿ ಮಂಚದಡಿ ಹುಡುಕುತ್ತಾನೆ.
ಬಚ್ಚಲಿನಲ್ಲಿ ಕದ ಹಾಕಿಕೊಂಡೆ ಒಮ್ಮೆ:
ಮೊದಲ ಸಾಲು ಮುಗಿಯುವುದರೊಳಗೆ ಎಲಿಸೋ ಬಡಿದಳು,
ಎರಡನೆಯದಕ್ಕೆ ಅತ್ತೆ.
ಬಸ್ಸು ಇಗರ್ಜಿ ದಾಟುವಾಗ ಎಲ್ಲರಂತೆ ಮೂರು ಸಲ
ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುವುದುಂಟು.
ಅದು ಕಿಟಕಿಯಿಂದ ಕಂಡ ನೆಂಟರಿಗೆ
ಕೈಬೀಸಿದ ಹಾಗೆ. ಮಾತಾಡಿದ ಹಾಗಲ್ಲ.

ನಮ್ಮ ಕಟ್ಟಡದ ಲಿಫ್ಟಿಗೆ ಕಾಸಿನ ಬಾಯಿ.
ಹತ್ತು ತೆತ್ರಿ ನುಂಗದೆ ಎತ್ತುವುದಿಲ್ಲ,
ಇಳಿಸುವುದು ಮಾತ್ರ ಧರ್ಮಕ್ಕೆ.
ಫೆಬ್ರವರಿಯ ಒಂದು ಸಂಜೆ, ಆಲೂಗಡ್ಡೆ ಚೀಲದ ಸಮೇತ
ಎರಡು ಮೂರರ ನಡುವೆ ನಾನು. ಕರೆಂಟು ಹೋಯಿತು.
ಕತ್ತಲು. ಮೂತ್ರದ, ಎಲೆಕೋಸಿನ, ಹಳೇ ಎಣ್ಣೆಯ ವಾಸನೆ.
ಕಿರುಚಿದೆ. ಗುದ್ದಿದೆ. ಕೆಳಗಿಂದ ವಾಲಿಕೊ ಕೂಗಿದ:
"ಇಪ್ಪತ್ತು ನಿಮಿಷ, ನಾಜಿಬ್ರೋಲಾ! ಎಲ್ಲೂ ಹೋಗಬೇಡ!"
ನಗು ಬಂತು. ಎಲ್ಲಿಗೆ ಹೋಗಲಿ?
ಚೀಲದ ಮೇಲೆ ಕೂತೆ.
ಆಗ ತಿಳಿಯಿತು,
ಹುಟ್ಟಿದಾಗಿನಿಂದ ಇದೇ ಮೊದಲು
ನಾನೊಬ್ಬಳೇ ಇರುವ ಕೋಣೆ,
ಯಾರ ಬಡಿತಕ್ಕೂ ತೆರೆಯದ ಬಾಗಿಲು.

ಬಾಯಿಗೆ ಬಂದದ್ದು ಬಾಯಿಪಾಠದ್ದಲ್ಲ.
ಮೊದಲು ಆಲೂಗಡ್ಡೆಯ ಬೆಲೆ ಹೇಳಿದೆ.
ಆಮೇಲೆ ಬಾಚೋನ ಕೆಮ್ಮು.
ಆಮೇಲೆ, ಜುಂಬೇರನಿಗೂ ಹೇಳದ್ದು:
ಉಳಿಯದ ಆ ಮಗುವಿಗೆ
ನಾನು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು.
ಹೇಳಿ ಸುಮ್ಮನಾದೆ.
ನೀನೂ ಸುಮ್ಮನಿದ್ದೆ.
ಆದರೆ ಆ ಮೌನ ಖಾಲಿಯಿರಲಿಲ್ಲ,
ಪಕ್ಕದಲ್ಲಿ ಯಾರೋ ಉಸಿರು ಹಿಡಿದು ಕೇಳುವಾಗ
ಇರುತ್ತದಲ್ಲ, ಆ ಥರ.
ದೀಪ ಬಂದಾಗ ಸಿಟ್ಟು ಬಂತು.

ಅಂದಿನಿಂದ ದಿನಾ ಬೆಳಗ್ಗೆ ಐದೂವರೆಗೆ
ನಾಲ್ಕನೆಯ ಮಹಡಿಯವಳು ಒಂಬತ್ತಕ್ಕೆ ಹೋಗುತ್ತೇನೆ.
ಅಲ್ಲಿ ನನಗೆ ಯಾರೂ ಇಲ್ಲ.
ಹೋಗಿ, ಬಾಗಿಲು ತೆರೆದು ಮುಚ್ಚುವುದನ್ನು ಕೇಳಿ, ಇಳಿದು ಬರುತ್ತೇನೆ.
ಒಂದೊಂದು ದಿನ ಏನೂ ಹೊಳೆಯುವುದಿಲ್ಲ,
ಗೋಡೆಯ ಮೇಲೆ ಯಾರೋ ಗೀಚಿದ ಬೈಗುಳ ಓದಿಕೊಂಡು ಬರುತ್ತೇನೆ.
ಒಂದೊಂದು ದಿನ ನಿಂತಲ್ಲೇ ತೂಕಡಿಕೆ.
ಅದನ್ನೂ ನಿನ್ನ ಲೆಕ್ಕಕ್ಕೇ ಹಾಕಿಕೋ.
ಅತ್ತೆ ಕೇಳಿದಳು: ಚಿಲ್ಲರೆಯೆಲ್ಲ ಎಲ್ಲಿ ಹೋಗುತ್ತಿದೆ?
ಕಾಣಿಕೆ, ಅಂದೆ. ಸುಳ್ಳಲ್ಲ.

ನಿನ್ನೆ ಲಿಫ್ಟು ಏಳರಲ್ಲಿ ನಿಂತಿತು.
ಮುದುಕ ಒತಿಯಾ. ಕೈಯಲ್ಲಿ ಕಸದ ಬುಟ್ಟಿಯಿಲ್ಲ, ಚೀಲವಿಲ್ಲ,
ಬೆರಳ ನಡುವೆ ಒಂದು ನಾಣ್ಯ ಮಾತ್ರ.
ಎಲ್ಲಿಗೆ, ಅಂತ ನಾನು ಕೇಳಲಿಲ್ಲ,
ಎಲ್ಲಿಂದ, ಅಂತ ಅವನೂ.
ಒಂದು ಗಳಿಗೆ ನನ್ನ ಮುಖ ನೋಡಿ
ಹಿಂದೆ ಸರಿದ: "ನೀನು ಮುಗಿಸು, ಮಗಳೇ,"
ಅಂದು ಮೆಟ್ಟಿಲ ಮೇಲೆ ಕೂತ.

ಬಾಗಿಲು ಮುಚ್ಚಿತು. ಹೇಳುತ್ತಿದ್ದುದು ಮರೆತೇಹೋಯಿತು.
ಅವನ ಚಪ್ಪಲಿ ಎರಡೂ ಎಡಗಾಲಿನವು,
ಒಂದು ಹೆಂಗಸಿನದು.
ಕಾಲು ನೋಡುವುದು ನನ್ನ ಕಸುಬಲ್ಲವೇ,
ಅದನ್ನೇ ನಿನಗೆ ಹೇಳಿದೆ,
ನೆಲ ಮುಟ್ಟುವ ತನಕ.