ಬಾಲ ಸುತ್ತಿ ಕೂತ ಅಕ್ಷರ

ಫಾಂಗ್ ಸ್ವೀ ಕಿಮ್ ಅಜ್ಜನಿಗೆ ಈಗ ತೊಂಬತ್ತೊಂದು.
ತೋವಾ ಪಾಯೋ, ಹನ್ನೊಂದನೆ ಮಹಡಿ.
ಸೀಸ ಮುಟ್ಟಿ ಮುಟ್ಟಿ ಬೆರಳ ತುದಿ ನುಣ್ಣಗಾಗಿದೆ;
ಬ್ಯಾಂಕಿನ ಯಂತ್ರಕ್ಕೆ ಅವರ ಗುರುತು ಹತ್ತುವುದಿಲ್ಲ.

ಸಿಂಗಪುರದ ನಾಲ್ಕೂ ಭಾಷೆಯ ಕವಿಗಳು
ಈ ಕೈಯೊಳಗಿಂದ ಹಾದು ಹೋದವರೇ.
ಅಜ್ಜ ಓದಬಲ್ಲದ್ದು ಒಂದನ್ನೇ.
"ಓದೋದು ನಿಮ್ಮ ಕೆಲಸ," ಅನ್ನುತ್ತಾರೆ,
"ಯಾವ ಮೊಳೆ ಖರ್ಚಾಯ್ತು ಅಂತ ನೋಡೋದು ನಂದು."

ಗೇಲಾಂಗಿನ ಓಣಿಯಲ್ಲಿ ಅಚ್ಚುಕೂಟ.
ಚೀನೀ ಅಕ್ಷರಗಳಿಗೆ ಗೋಡೆ ಪೂರ್ತಿ,
ಒಂದು ಕಥೆ ಜೋಡಿಸಲು ಒಂದು ಮೈಲಿ ನಡಿಗೆ.
ಇಂಗ್ಲಿಷಿಗೂ ಮಲಯಕ್ಕೂ ಕೈ ಚಾಚಿದಷ್ಟು ಪೆಟ್ಟಿಗೆ.
ತಮಿಳು ಕಿಟಕಿಯ ಕೆಳಗೆ.

ರೊಕಿಯಾ ಬಿಂತಿ ಸಪುವಾನ್ ಕಾದಂಬರಿ ತಂದರೆ
ಮೂರನೆ ಪುಟಕ್ಕೇ 'ಎ' ಖಾಲಿ.
ಮಕ್ಕಳನ್ನೂ ಮರಗಳನ್ನೂ
ಎರಡೆರಡು ಸಲ ಕರೆಯುವ ಭಾಷೆ, ಏನು ಮಾಡೋದು?
ಒಲಿವೇರೊ ಇಂಗ್ಲಿಷಿನಲ್ಲಿ ಬರೆದರೆ
'ನಾನು' ಅನ್ನುವ ಒಂಟಿಕಂಬಗಳು ಸಾಲುತ್ತಿರಲಿಲ್ಲ.
("ಪಾಪ, ಮನೇಲಿ ಯಾರೂ ಇರಲಿಲ್ಲ ಅವನಿಗೆ.")
ಕಂಪೊಂಗುಗಳನ್ನು ಕೆಡವಿ
ಎಲ್ಲರನ್ನೂ ಮಹಡಿ ಹತ್ತಿಸಿದ ವರ್ಷಗಳಲ್ಲಿ
ಚೀನೀ 'ಮನೆ' ಮುಗಿದುಹೋಯಿತು:
ಸೂರು, ಸೂರಿನಡಿ ಒಂದು ಹಂದಿ, ಅದೇ ಅಕ್ಷರ.
ಊರಲ್ಲಿ ಹಂದಿ ಸಾಕುವುದು ನಿಂತ ಮೇಲೆ
ಪಕ್ಕದ ಅಚ್ಚುಕೂಟದಿಂದ ಹಂದಿಗಳ ಸಾಲ.

ಇನ್ನು ಮುತ್ತಿರುಳಾಂಡಿ.
ಹಗಲು ಬಂದರಿನಲ್ಲಿ ಮೂಟೆ ಎಣಿಸುವ ಗುಮಾಸ್ತ,
ರಾತ್ರಿ ತಮಿಳು ಕವಿ.
ಅವನು ಬಂದರೆ ಖರ್ಚಾಗುತ್ತಿದ್ದದ್ದು ಒಂದೇ,
ಬಾಲ ಸುತ್ತಿ ಕೂತ ಬೆಕ್ಕಿನಂಥದು: ೞ.
ನಮ್ಮ ಕನ್ನಡದಲ್ಲೂ ಇತ್ತು.
ನೆೞಲ್ ನೆರಳಾಯಿತು, ಬಾೞ್ ಬಾಳಾಯಿತು,
ಎಂದೋ ದಾರಿಯಲ್ಲಿ ಬೀಳಿಸಿಕೊಂಡು ಬಂದೆವು,
ವಾಪಸು ಹೋಗಿ ಯಾರೂ ಹುಡುಕಲಿಲ್ಲ.
ಶಾಸನದ ಕಲ್ಲಿನಲ್ಲಿ ಇನ್ನೂ ಕೂತಿದೆ, ಬಾಲ ಸುತ್ತಿ.

ಒಂದು ರಾತ್ರಿ ಬೆಕ್ಕಿನ ಖಾನೆ ಬರಿದು.
ಪತ್ರಿಕೆ ಬೆಳಗ್ಗೆ ಹೊರಡಬೇಕು.
ಫಾಂಗ್ ಬಾಲವಿಲ್ಲದ ಬೆಕ್ಕನ್ನು ಹುಡುಕಿ ಇಟ್ಟರು.
ಅದು 'ಮ' ಅಂತ ಅವರಿಗೇನು ಗೊತ್ತು?
ಮುತ್ತಿರುಳಾಂಡಿಯ ಮೞೈ 'ಮಮೈ' ಆಗಿ ಸುರಿಯಿತು
ದ್ವೀಪದ ಮುನ್ನೂರು ಚಂದಾದಾರರ ಮೇಲೆ.

ಅವನು ಬಂದ. ಕೈಯಲ್ಲಿ ಮಡಿಸಿದ ಪತ್ರಿಕೆ.
ಕಿಟಕಿಯ ಕೆಳಗಿನ ಖಾನೆ ನೋಡಿದ.
ತಟ್ಟೆಗೆ ಬಗ್ಗಿಸಿಕೊಂಡು ಕೋಪಿ ಕುಡಿದ.
ಹೋದ.
ಮುಂದಿನ ವಾರ ಹೊಸ ಪದ್ಯ, ಇಪ್ಪತ್ತೆಂಟು ಸಾಲು.

ಮೊನ್ನೆ ಗ್ರಂಥಾಲಯದಲ್ಲಿ ಅದು ಸಿಕ್ಕಿತು.
ಮಂಗೈಯರ್ಕರಸಿ ಟೀಚರ್ ನನಗಾಗಿ ಓದಿದರು:
ಹಗ್ಗ, ಉಪ್ಪು, ಇದ್ದಲ ದೋಣಿ,
ಮೂಟೆಯ ಕೆಳಗೆ ಬಾಗಿದ ಒಂದು ಕತ್ತು.
ಮತ್ತೊಮ್ಮೆ ಓದಿದರು. "ಏನೋ ಇಲ್ಲ ಇದರಲ್ಲಿ."
ಮೂರನೆ ಸಲ ಬೆರಳಿಟ್ಟು, ಅಕ್ಷರ ಅಕ್ಷರ ತಡವಿ,
ಕನ್ನಡಕ ತೆಗೆದರು.

ಇಪ್ಪತ್ತೆಂಟು ಸಾಲಿನಲ್ಲಿ ಒಂದೂ ೞ ಇಲ್ಲ.
ಅಂದರೆ ಮಳೆ ಇಲ್ಲ, ನೆರಳಿಲ್ಲ,
ಅೞಗು ಇಲ್ಲ, ಕುೞಂದೈ ಇಲ್ಲ,
ಬರಹ ಅನ್ನುವ ಮಾತಿಲ್ಲ,
ತಮಿೞ್ ಅನ್ನುವ ಹೆಸರೇ ಇಲ್ಲ.
ಒಬ್ಬ ತಮಿಳು ಕವಿ ಅಷ್ಟನ್ನೂ ಬದಿಗಿಟ್ಟು
ಬಂದರಿನ ಒಂದು ಇಡೀ ದಿನ ಬರೆದಿದ್ದಾನೆ.

ಹನ್ನೊಂದನೆ ಮಹಡಿಗೆ ಓಡಿದೆ.
ಅಜ್ಜ ಟೀವಿ ಸದ್ದು ಇಳಿಸಿ ಕೇಳಿಸಿಕೊಂಡರು.
ನುಣ್ಣನೆ ಹೆಬ್ಬೆಟ್ಟಿನಿಂದ
ನುಣ್ಣನೆ ತೋರುಬೆರಳು ಉಜ್ಜಿಕೊಂಡರು, ಬಹಳ ಹೊತ್ತು.

"ಹೌದು, ಆ ರಾತ್ರಿ ಬೇಗ ಮುಗೀತು.
ಅವನಿಗೆ ಬೆಕ್ಕು ಬೇಜಾರಾಯ್ತೇನೋ ಅಂದ್ಕೊಂಡೆ.
ಮನೆಗೆ ಹೋದರೆ
ನಮ್ಮ ಮಗು ಇನ್ನೂ ಎಚ್ಚರವಾಗೇ ಇತ್ತು."