ಗುಂಡಿ, ಮೊಗ್ಗು

ಪೋರ್ಟೊ ನಗರದ ಅಲ್ಮಾದಾ ಬೀದಿ. ಕೆಳಗೆ
ಬೀಗ, ತಿರುಪು, ಬಾಗಿಲ ಚಿಲಕಗಳ ಅಂಗಡಿ;
ಮೂರನೇ ಮಹಡಿಯಲ್ಲಿ ವೆಬ್‌ಸೈಟು ಕಟ್ಟುವ ಏಳು ಮಂದಿ.
ಲಿಫ್ಟಿಲ್ಲ. ಹತ್ತಿ ಬಂದ ಗಿರಾಕಿಗೆ
ಚೌಕಾಸಿ ಮಾಡಲು ಉಸಿರೇ ಉಳಿದಿರುವುದಿಲ್ಲ,
ಅದಕ್ಕೇ ಈ ಜಾಗ ಹಿಡಿದೆ ಎನ್ನುತ್ತಾನೆ
ಮಾಲೀಕ ಎರ್ಮೀನಿಯು.

ಒಂದು ಕಾಲಕ್ಕೆ ಸೀಸದ ಮೊಳೆ ಜೋಡಿಸಿದವನು.
ಹೆಬ್ಬೆರಳಿಗೆ ಇನ್ನೂ ಆ ಚಟ:
ಪರದೆಯ ಮೇಲೆ ಅಕ್ಷರದ ಅಂಚು ಸವರುತ್ತಾನೆ.
ಮಾನಿಟರಿನ ತುಂಬ ಬೆರಳ ಜಿಡ್ಡು.
ಸಂಜೆ ಅದನ್ನು ಒರೆಸುವುದು
ಸೇರಿದ ಮೊದಲ ತಿಂಗಳು ಬೆನೆದಿತಾ ಕಲಿತ ವಿದ್ಯೆ.

ಆಮೇಲೆ ಗಿರಾಕಿಯ ಮಾತು ಕೇಳುವುದನ್ನು ಕಲಿತಳು.
ಹಾಸಿಗೆ ಮಾರುವವನೊಬ್ಬ ಹೇಳಿದ್ದ,
'ಕಡಲ ನೀಲಿ ಬೇಕು, ಈ ಕಡಲಿನದಲ್ಲ.'
ಕಿಟಕಿಯಾಚೆ ಅಟ್ಲಾಂಟಿಕ್ಕಿನ ಕಡೆಯಿಂದ
ಬೂದಿ ಬಣ್ಣದ ಮಂಜು ಏರುತ್ತಿತ್ತು.
ಹದಿನಾಲ್ಕು ನೀಲಿ ತೋರಿಸಿದಳು.
ಕೊನೆಗೆ ಅವನು ಹಸಿರು ಒಪ್ಪಿದ.

ಮತೊಜಿನ್ಯೋಸ್‌ನ ಮೀನು ಡಬ್ಬಿ ಕಾರ್ಖಾನೆಗೆ
ಹನ್ನೊಂದು ವಾರ ದುಡಿದಳು.
ಮೌಸು ಆಡಿಸಿದರೆ ಬೂತಾಯಿಯ ಬೆಳ್ಳಿ ಹಿಂಡು
ಸರ್ರನೆ ಸೀಳಿ, ಮತ್ತೆ ಕೂಡಿಕೊಳ್ಳುವುದು.
ಪ್ರಶಸ್ತಿ ಬಂತು: ಗಾಜಿನ ತ್ರಿಕೋನ.
ಕಾಫಿ ಯಂತ್ರದ ಪಕ್ಕ ಇಟ್ಟರು,
ಯಾರೋ ಅದರ ಮೇಲೆ ಚಮಚ ಒರಗಿಸಿದರು.

ಮರುವಾರ ಬಂದದ್ದು ಲುಡೊವೀನಾ,
ಕಾರ್ಖಾನೆಯವನ ಸೋದರತ್ತೆ,
ಮೂವತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು,
ಹುಟ್ಟಿನಿಂದ ಕಣ್ಣಿಲ್ಲದವಳು.
'ಐವತ್ತೆಂಟು ಮೆಟ್ಟಿಲು. ನಲವತ್ತೊಂದನೆಯದು ಸಡಿಲ,'
ಎನ್ನುತ್ತಲೇ ಕುಳಿತಳು, ಫೋನು ಮೇಜಿನ ಮೇಲಿಟ್ಟಳು.
ಯಂತ್ರದ ದನಿ ಪುಟ ಓದತೊಡಗಿತು:
ಬೊತಾಂವ್. ಬೊತಾಂವ್. ಚಿತ್ರ.
ಚಿತ್ರ ನಾಲ್ಕು ಸಾವಿರದ ನಾನೂರ ಎಪ್ಪತ್ತೊಂದು. ಬೊತಾಂವ್.

ಅವರ ನುಡಿಯಲ್ಲಿ ಅದು ಗುಂಡಿಯೂ ಹೌದು, ಮೊಗ್ಗೂ ಹೌದು.
'ಎಷ್ಟು ಮೊಗ್ಗು ಬಿಟ್ಟಿದೆಯಮ್ಮ ನಿಮ್ಮ ತೋಟ!
ಒಂದಾದರೂ ಅರಳಬೇಡವೆ?'
(ಕನ್ನಡದಲ್ಲಿ ಬರೆಯುವ ನನಗೆ ಬೇರೆಯೇ ಪೇಚು:
ನಮ್ಮಲ್ಲಿ ಗುಂಡಿ ಒತ್ತುವುದೂ ಹೌದು, ಬೀಳುವುದೂ ಹೌದು.)

ಬೆನೆದಿತಾ ಬಿದ್ದಳು.
'ಬಲಗಡೆ, ಮೇಲೆ, ಕಿತ್ತಳೆ ಬಣ್ಣದ್ದು ಒತ್ತಿ' ಎಂದುಬಿಟ್ಟಳು.
ಏಳು ಕೀಲಿಮಣೆಗಳೂ ಒಮ್ಮೆಗೇ ನಿಂತವು.
ಲುಡೊವೀನಾ ನಕ್ಕಳು:
'ಕಿತ್ತಳೆ ಗೊತ್ತು ಕಣೇ. ಸುಲಿದರೆ ಕಣ್ಣು ಉರಿಯುತ್ತೆ.'

ಆ ರಾತ್ರಿ ಕುಳಿತು ಗುಂಡಿಗಳಿಗೆ ಹೆಸರಿಟ್ಟಳು.
ಬುಟ್ಟಿಗೆ ಹಾಕಿ. ಹಿಂದಕ್ಕೆ. ಹಣ ಕೊಡಿ.
ಸುಲಭ, ಕರುಗಳಿಗೆ ಹೆಸರಿಟ್ಟಂತೆ.
ಚಿತ್ರದ ಹತ್ತಿರ ಬಂದು ಕೈ ನಿಂತಿತು.
ಬರೆದಳು: 'ಡಬ್ಬಿ ತುಂಬುವ ಹೆಂಗಸರು.'
ಹಿಂದಿನಿಂದ ಎರ್ಮೀನಿಯು: 'ಎಷ್ಟು ಜನ?'

ತಿರುಗಿ ನೋಡಿದಳು. ಆರು ಜನ.
ಐವರು ಬಗ್ಗಿದ್ದಾರೆ. ಆರನೆಯವಳು ತಲೆಯೆತ್ತಿ
ನೇರ ಇವಳನ್ನೇ ನೋಡುತ್ತಿದ್ದಾಳೆ,
ಕೈಗವಸಿನ ಹೆಬ್ಬೆರಳು ಹರಿದಿದೆ.
ಹನ್ನೊಂದು ವಾರ ಈ ಚಿತ್ರವನ್ನು
ಕೂದಲೆಳೆಯಷ್ಟು ಆಚೆ, ಈಚೆ ಸರಿಸಿದ್ದಳು,
ಅಂಚು ಕತ್ತರಿಸಿದ್ದಳು, ಬೆಳಕು ಏರಿಸಿದ್ದಳು.
ನೋಡಿರಲಿಲ್ಲ.

ಕಂಡದ್ದನ್ನೆಲ್ಲ ಬರೆದಳು, ಹರಿದ ಹೆಬ್ಬೆರಳನ್ನೂ.
ಕೊನೆಯ ಟ್ರಾಮು ತಪ್ಪಿತು.
ಎರ್ಮೀನಿಯು ಏನೂ ಹೇಳದೆ
ಅಂದು ತಾನೇ ಪರದೆ ಒರೆಸಿದ.

ಸೋಮವಾರ ಒಂದು ಆರ್ಡರು ಬಂತು:
ಟೊಮೆಟೊ ರಸದಲ್ಲಿ ಬೂತಾಯಿ, ಹನ್ನೆರಡು ಡಬ್ಬಿ,
ಲುಡೊವೀನಾ ಹೆಸರಿಗೆ.
ಷರಾ ಬರೆಯುವ ಜಾಗದಲ್ಲಿ ಒಂದೇ ಸಾಲು:
ತಲೆಯೆತ್ತಿದವಳ ಹೆಸರೇನು?

ಯಾರಿಗೂ ಗೊತ್ತಿರಲಿಲ್ಲ.
ಬೆನೆದಿತಾ ತ್ರಿಕೋನವನ್ನು ಅತ್ತ ಸರಿಸಿ,
ಕಾರ್ಖಾನೆಗೆ ಫೋನು ಹಚ್ಚಿದಳು.